ಕಿಮೋ ವಾಂತಿಗೆ ಮಾತ್ರೆ: ಯಾವುದು, ಯಾವಾಗ, ಎಷ್ಟು?



ಶ್ರೀಗಂಧದ ಕಾವಲ್, ಹೇರೋಹಳ್ಳಿ, ಸುಂಕದಕಟ್ಟೆ ಕಡೆಯಿಂದ ಕಿದ್ವಾಯಿ ಆಸ್ಪತ್ರೆಗೆ ಹೋಗುವವರು ಹೆಚ್ಚಾಗಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸುತ್ತಾರೆ. ಬೆಳಿಗ್ಗೆ ಹೊರಟವರು ಕಿಮೋ ಹಾಕಿಸಿಕೊಂಡು ಮನೆ ಸೇರುವಾಗ ಸಂಜೆ. ವಾಪಸ್ ಬರುವಾಗ ಕೈಯಲ್ಲಿ ಕವರ್ ಹಿಡಿದು ಕಿಟಕಿ ಪಕ್ಕ ಕೂತ ಅಕ್ಕಂದಿರನ್ನು ನೀವೂ ನೋಡಿರಬಹುದು. ನಮ್ಮ ಸಭೆಗೆ ಬರುವ ಒಬ್ಬರು ಎರಡು ಸಲ ಕಿಮೋ ಆದ ಮೇಲೆ, "ಗಂಟು ಇದ್ರೆ ಇರ್ಲಿ ಬಿಡಿ, ಈ ವಾಂತಿ ನನ್ ಕೈಲಿ ತಡೆಯೋಕಾಗಲ್ಲ" ಅಂತ ಚಿಕಿತ್ಸೆಯನ್ನೇ ಬಿಡಲು ಹೊರಟಿದ್ದರು. ವಿಚಾರಿಸಿದರೆ, ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ಮುಕ್ಕಾಲು ಪಾಲು ಹಾಗೇ ಇತ್ತು. "ವಾಂತಿ ಬಂದಾಗ ತಗೊಳ್ಳೋಣ ಅಂತ ಇಟ್ಕೊಂಡಿದ್ದೆ" ಅಂದರು.

ಎಡವಟ್ಟು ಆಗುವುದು ಇಲ್ಲೇ. ಕಿಮೋ ವಾಂತಿ ಪಿತ್ತದಿಂದ ಬರುವುದಲ್ಲ, ಗ್ಯಾಸಿನಿಂದಲೂ ಅಲ್ಲ. ಔಷಧ ಕರುಳಿನ ಒಳಪದರಕ್ಕೆ ತಾಗಿದಾಗ ಅಲ್ಲಿಂದ ಸಿರೊಟೋನಿನ್ ಎಂಬ ವಸ್ತು ಹೊರಬಂದು, ನರದ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಆ ಸುದ್ದಿಯನ್ನು ತಡೆಯುವ ಮಾತ್ರೆಯೇ ಒಂಡನ್‌ಸೆಟ್ರಾನ್. ಅಂಗಡಿಯಲ್ಲಿ ಎಮಿಸೆಟ್, ಒಂಡೆಮ್ ಅಂತ ಸಿಗುವುದು ಇದೇ. ಸುದ್ದಿ ಮುಟ್ಟಿದ ಮೇಲೆ ತಡೆಯುವುದು ಕಷ್ಟ. ಆದ್ದರಿಂದಲೇ ಕಿಮೋಗೆ ಅರ್ಧ ಗಂಟೆ, ಒಂದು ಗಂಟೆ ಮುಂಚೆ ಕೊಡುತ್ತಾರೆ. ಮನೆಗೆ ಕೊಟ್ಟ ಮಾತ್ರೆಯನ್ನೂ ವಾಂತಿ ಇರಲಿ ಬಿಡಲಿ, ಚೀಟಿಯಲ್ಲಿ ಬರೆದಷ್ಟು ದಿನ, ಬರೆದ ಹೊತ್ತಿಗೆ ತೆಗೆದುಕೊಳ್ಳಬೇಕು. ಕೆಲವು ಕಿಮೋ ಔಷಧಗಳಲ್ಲಿ ವಾಂತಿ ಜೋರಾಗುವುದು ಎರಡನೇ, ಮೂರನೇ ದಿನ. ಮೊದಲ ದಿನ ಆರಾಮ ಇದ್ದವರು "ನಂಗೇನೂ ಆಗ್ಲಿಲ್ಲ" ಅಂತ ಬಿಟ್ಟು ಒದ್ದಾಡುತ್ತಾರೆ. ಒಮ್ಮೆ ಹೀಗೆ ಕೆಟ್ಟರೆ, ಮುಂದಿನ ಸಲ ಆಸ್ಪತ್ರೆಯ ಗೇಟು ನೋಡಿದರೇ ಹೊಟ್ಟೆ ತೊಳಸುವುದೂ ಉಂಟು.

ಬಸ್ಸಿನ ವಾಂತಿಗೆ ನುಂಗುವ ಅವೋಮಿನ್ ಇದಕ್ಕೆ ಬದಲಿ ಅಲ್ಲ.

ಒಂಡನ್‌ಸೆಟ್ರಾನ್‌ನಿಂದ ತಲೆನೋವು, ಮಲಬದ್ಧತೆ ಬರಬಹುದು. ಮೂರು ದಿನ ಮಲ ಹೋಗದಿದ್ದರೆ ನಾಚಿಕೆ ಪಡದೆ ಡಾಕ್ಟರಿಗೆ ಹೇಳಿ. ಇನ್ನೊಂದು ವಿಷಯ ದೊಡ್ಡದು. ಈ ಮಾತ್ರೆ ಕೆಲವರ ಹೃದಯದ ಬಡಿತದ ಲಯ ತಪ್ಪಿಸಬಹುದು. ಹೃದ್ರೋಗ ಇರುವವರು, ಅಜಿಥ್ರೋಮೈಸಿನ್, ಲಿವೋಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿರುವವರು ಮೊದಲೇ ತಿಳಿಸಬೇಕು. ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿದವರಿಗೆ ಅಪಾಯ ಹೆಚ್ಚು. ಎದೆ ಡವಡವ ಅಂದು ಕಣ್ಣು ಕತ್ತಲೆ ಬಂದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ನಮ್ಮಲ್ಲಿ ಹೆಚ್ಚು ಗೊಂದಲ ಇರುವುದು ಡೊಂಪೆರಿಡೋನ್ ವಿಷಯದಲ್ಲಿ. ಇದೇ ಡಾಮ್‌ಸ್ಟಾಲ್. 2014ರಲ್ಲಿ ಯುರೋಪಿನ ಔಷಧ ನಿಯಂತ್ರಕರು, ಹೃದಯದ ಅಪಾಯದ ಕಾರಣಕ್ಕೆ, ದೊಡ್ಡವರಿಗೆ ದಿನಕ್ಕೆ 30 ಮಿಲಿಗ್ರಾಂ ಸಾಕು, ಸಾಮಾನ್ಯವಾಗಿ ಒಂದು ವಾರ ಮೀರಬಾರದು ಎಂದರು. ಈಗ ನೋಡಿ, "ಗ್ಯಾಸ್ ಮಾತ್ರೆ" ಅಂತ ನಾವು ಕೇಳಿ ತರುವ ಪ್ಯಾನ್-ಡಿ ಕ್ಯಾಪ್ಸೂಲ್ ಒಂದರಲ್ಲೇ 30 ಮಿಲಿಗ್ರಾಂ ಡೊಂಪೆರಿಡೋನ್ ಇದೆ! ಅದನ್ನು ನುಂಗಿ, ವಾಂತಿಗೆ ಅಂತ ಡಾಮ್‌ಸ್ಟಾಲ್ ಬೇರೆ ನುಂಗಿದರೆ ಮಿತಿ ಮೀರಿತು. ಹೆಸರು ಬೇರೆ, ಒಳಗಿನ ಔಷಧ ಒಂದೇ. ಹಾಳೆಯ ಹಿಂಭಾಗದ ಸಣ್ಣ ಅಕ್ಷರವನ್ನು ಓದುವ ಮಕ್ಕಳಿಂದ ಓದಿಸಿ.

ಪೆರಿನಾರ್ಮ್, ಅಂದರೆ ಮೆಟೊಕ್ಲೋಪ್ರಮೈಡ್, ತೆಗೆದುಕೊಂಡ ಒಂದೆರಡು ದಿನದಲ್ಲಿ ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, ಹರೆಯದ ಹುಡುಗಿಯರಿಗೆ, ಕತ್ತು ತಿರುಚುತ್ತದೆ, ದವಡೆ ಬಿಗಿಯುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ. ಮೈಮೇಲೆ ಏನೋ ಬಂತು ಅಂತ ತಾಯತ ಕಟ್ಟಿಸಲು ಓಡಬೇಡಿ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಸರಿಹೋಗುತ್ತದೆ. ಈ ಮಾತ್ರೆ ಐದು ದಿನಕ್ಕಿಂತ ಹೆಚ್ಚು ಬೇಡ.

ಡೆಕ್ಸಾಮೆಥಾಸೋನ್ ಕೊಟ್ಟಿದ್ದರೆ ಬೆಳಿಗ್ಗೆ ತಿಂಡಿ ತಿಂದ ಮೇಲೆ ತೆಗೆದುಕೊಳ್ಳಿ. ರಾತ್ರಿ ನುಂಗಿದರೆ ನಿದ್ದೆ ಬರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಆ ದಿನಗಳಲ್ಲಿ ಸಕ್ಕರೆ ಏರುತ್ತದೆ, ಪರೀಕ್ಷೆ ಮಾಡಿಸಬೇಕು.

ಓಲಾಂಜಪೀನ್ ಎಂಬ ಮಾತ್ರೆಯನ್ನು ರಾತ್ರಿಗೆ ಕೊಟ್ಟರೆ ಗಾಬರಿ ಬೇಡ. ಅದು ಮಾನಸಿಕ ಕಾಯಿಲೆಗೂ ಕೊಡುವ ಔಷಧ ನಿಜ. ಹಾಗಂತ ನಿಮಗೆ "ತಲೆ ಕೆಟ್ಟಿದೆ" ಅಂತಲ್ಲ, ಕಿಮೋ ವಾಕರಿಕೆಗೆ ಅದು ಒಳ್ಳೆಯ ಮದ್ದು. ನಿದ್ದೆಮಂಪರು ಜಾಸ್ತಿ, ಅಷ್ಟೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ವಾಂತಿ ಅಷ್ಟೇ ಹತೋಟಿಗೆ ಬಂತು, ಮಂಪರು ಕಡಿಮೆಯಾಯಿತು. ಮೇಲೆ ಹೇಳಿದ ಅಕ್ಕನಿಗೂ ಮೂರನೇ ಸಲ ಡಾಕ್ಟರು ಇದನ್ನೇ ಸೇರಿಸಿದರು. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಂಡರು. ಒಂದೇ ಸಲ ವಾಂತಿ ಆಯಿತು, ರಾತ್ರಿ ಗಂಜಿ ಕುಡಿದರು. ಕಿಮೋ ಬಿಡಲಿಲ್ಲ.

ಆಪರೇಷನ್ ಆಗುವವರಿಗೂ ಒಂದು ಮಾತು. ಅರಿವಳಿಕೆಯ ನಂತರದ ವಾಂತಿ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಬಸ್ಸಿನಲ್ಲಿ ವಾಂತಿ ಬರುವ ಅಭ್ಯಾಸ ಇದ್ದರೆ, ಹಿಂದಿನ ಆಪರೇಷನ್‌ನಲ್ಲಿ ವಾಂತಿ ಆಗಿದ್ದರೆ ಅರಿವಳಿಕೆ ಡಾಕ್ಟರಿಗೆ ಮುಂಚೆಯೇ ಹೇಳಿ, ತಡೆಯುವ ಔಷಧ ಮೊದಲೇ ಕೊಡುತ್ತಾರೆ. ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬಿ, ಹೂಸು ಕೂಡ ಹೋಗದೆ ವಾಂತಿಯಾದರೆ ಮಾತ್ರೆ ನುಂಗಿ ಕಾಯಬಾರದು. ಕರುಳು ಕಟ್ಟಿರಬಹುದು.

ಮಾತ್ರೆ ನುಂಗಿದ ಕೂಡಲೇ ವಾಂತಿ ಆದರೆ ನೀವಾಗಿಯೇ ಇನ್ನೊಂದು ನುಂಗಬೇಡಿ, ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ನಾಲಿಗೆಯ ಮೇಲೆ ಕರಗುವ 'ಎಂ.ಡಿ.' ಮಾತ್ರೆಯೂ ಇದೆ, ಒಣಗಿದ ಕೈಯಲ್ಲಿ ತೆಗೆದು ಇಡಬೇಕು. ಒಂದು ದಿನ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಹೊರಡಿ. ಕಿಮೋ ಆದವರಿಗೆ 100.4 ಡಿಗ್ರಿ ಜ್ವರ ಬಂದರೂ ಅಷ್ಟೇ, ರಾತ್ರಿಯಾದರೂ ಸರಿ. ಹೋಗುವಾಗ ನುಂಗುತ್ತಿರುವ ಎಲ್ಲಾ ಮಾತ್ರೆಯ ಹಾಳೆಗಳನ್ನು, ಬಿ.ಪಿ., ಶುಗರ್ ಮಾತ್ರೆ, ನಾಟಿ ಔಷಧ ಸಮೇತ, ಒಂದು ಕವರಿನಲ್ಲಿ ಹಾಕಿಕೊಳ್ಳಿ. ಉಳಿದ ಮಾತ್ರೆಯನ್ನು ಮಾತ್ರ ಪಕ್ಕದ ಮನೆಯ ಬಸುರಿಗೋ ಮಗುವಿಗೋ ಕೊಡಬೇಡಿ.