ಸಣ್ಣ ಕಟ್ಟಡ ಕಂಪೆನಿಗಳಿಗೂ ಬೇಕು ಸುಸ್ಥಿರತೆಯ ಲೆಕ್ಕ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಪ್ರಭು ಯೇಸುವಿನ ಬೋಧನೆ ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಅಲ್ಲಿ ಹೇಳಿರುವುದು ಹಣದ ಲೆಕ್ಕ. ಇಂದು ಕಟ್ಟಡ ಕಟ್ಟುವವರ ಮುಂದೆ ಇನ್ನೂ ಒಂದು ಲೆಕ್ಕ ಬಂದಿದೆ. ಎಷ್ಟು ಡೀಸೆಲ್ ಸುಟ್ಟಿತು? ಎಷ್ಟು ನೀರು ಖರ್ಚಾಯಿತು? ಒಡೆದ ಕಲ್ಲು ಮಣ್ಣು ಎಲ್ಲಿಗೆ ಹೋಯಿತು? ಕೆಲಸದವರಲ್ಲಿ ಎಷ್ಟು ಮಂದಿಗೆ ಪೆಟ್ಟಾಯಿತು? ಈ ಪ್ರಶ್ನೆಗಳಿಗೆ ಅಂಕಿಅಂಶಗಳ ಸಹಿತ ಕೊಡುವ ಉತ್ತರವೇ ಸುಸ್ಥಿರತಾ ವರದಿ.

ಇದು ದೊಡ್ಡ ಕಂಪೆನಿಗಳ ಕೆಲಸ, ನಮಗೇಕೆ ಎಂದು ನಮ್ಮ ಕರಾವಳಿಯ ಅನೇಕ ಗುತ್ತಿಗೆದಾರರು ಕೇಳಬಹುದು. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ 2021ರಲ್ಲಿ ಬಿ.ಆರ್.ಎಸ್.ಆರ್. ಎಂಬ ವರದಿಯ ನಮೂನೆಯನ್ನು ಹೊರಡಿಸಿತು. ಷೇರುಪೇಟೆಯ ಪಟ್ಟಿಯಲ್ಲಿರುವ ಮೊದಲ 1000 ಕಂಪೆನಿಗಳಿಗೆ 2022-23ರ ಆರ್ಥಿಕ ವರ್ಷದಿಂದ ಇದು ಕಡ್ಡಾಯವಾಯಿತು. ಹತ್ತಿಪ್ಪತ್ತು ಕೆಲಸದವರನ್ನು ಇಟ್ಟುಕೊಂಡ ಗುತ್ತಿಗೆದಾರನಿಗೆ ಈ ನಿಯಮ ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೆ ದೊಡ್ಡ ಕಂಪೆನಿಯ ಗೋದಾಮನ್ನೋ ಕಚೇರಿಯನ್ನೋ ಕಟ್ಟಿಕೊಡುವವನ ಬಳಿ ಅದೇ ಕಂಪೆನಿ ಈ ಅಂಕಿಗಳನ್ನು ಕೇಳಬಹುದು. ಆಗ ಗಡಿಬಿಡಿಯಲ್ಲಿ ಊಹಿಸಿ ಬರೆಯುವುದಕ್ಕಿಂತ ಈಗಲೇ ಪುಸ್ತಕವೊಂದನ್ನು ಆರಂಭಿಸುವುದು ಲೇಸು.

ಎಲ್ಲಿಂದ ಆರಂಭಿಸುವುದು?

ಇದಕ್ಕೆ ಸಲಹೆಗಾರರೂ ಬೇಡ, ಬಣ್ಣದ ಪುಸ್ತಕವೂ ಬೇಡ. ಬೇಕಾದ ಮಾಹಿತಿ ಹೆಚ್ಚಾಗಿ ಕಚೇರಿಯ ಮೇಜಿನ ಡ್ರಾಯರ್‌ನಲ್ಲಿಯೇ ಬಿಲ್ಲುಗಳ ರೂಪದಲ್ಲಿ ಇರುತ್ತದೆ. ತಿಂಗಳಿಗೊಮ್ಮೆ ಅವುಗಳನ್ನು ಕೂಡಿಸಿ ಒಂದು ಪುಟದಲ್ಲಿ ಬರೆದಿಟ್ಟರೆ ಸಾಕು.

1. ಇಂಧನ ಮತ್ತು ವಿದ್ಯುತ್: ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನಮ್ಮ ದೇಶದ ಜಾಲದಿಂದ ಬರುವ ಒಂದು ಯೂನಿಟ್ ವಿದ್ಯುತ್ತಿಗೆ ಇದು ಸುಮಾರು 0.7 ಕಿಲೋ. ಉದಾಹರಣೆಗೆ, ಒಂದು ತಿಂಗಳಲ್ಲಿ ಜೆಸಿಬಿ, ಜನರೇಟರ್ ಮತ್ತು ಮಿಕ್ಸರ್‌ಗೆ 300 ಲೀಟರ್ ಡೀಸೆಲ್ ಹಾಗೂ 1000 ಯೂನಿಟ್ ವಿದ್ಯುತ್ ಖರ್ಚಾಗಿದೆ ಎಂದಿಟ್ಟುಕೊಳ್ಳೋಣ. 810 ಮತ್ತು 700 ಸೇರಿ 1510 ಕಿಲೋ, ಅಂದರೆ ಸುಮಾರು ಒಂದೂವರೆ ಟನ್. ಇಷ್ಟೇ ಗಣಿತ.

2. ಸಾಮಗ್ರಿ: ಕಟ್ಟಡದ ದೊಡ್ಡ ಹೊರೆ ಇರುವುದು ಸಿಮೆಂಟ್ ಮತ್ತು ಕಬ್ಬಿಣದಲ್ಲಿ. ಸಿಮೆಂಟಿಗಾಗಿ ಸುಣ್ಣದ ಕಲ್ಲನ್ನು ಸುಡುವಾಗ ಇಂಧನದ ಹೊಗೆಯ ಜೊತೆಗೆ ಆ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಹಾರುಬೂದಿ ಬೆರೆಸಿದ ಪಿ.ಪಿ.ಸಿ. ಸಿಮೆಂಟಿನಲ್ಲಿ ಶೇಕಡಾ 15ರಿಂದ 35ರಷ್ಟು ಬೂದಿ ಇರುವುದರಿಂದ ಈ ಹೊರೆ ಕಡಿಮೆ. ಆದುದರಿಂದ ಚೀಲಗಳ ಸಂಖ್ಯೆಯ ಜೊತೆಗೆ ಸಿಮೆಂಟಿನ ಬಗೆಯನ್ನೂ ಬರೆಯಬೇಕು. ಹೊಯಿಗೆ, ಜಲ್ಲಿ ಮತ್ತು ಕೆಂಪುಕಲ್ಲು ಎಲ್ಲಿಂದ ಬಂತು, ಪರವಾನಿಗೆಯ ಚೀಟಿ ಇದೆಯೇ ಎಂಬುದನ್ನೂ ಗುರುತಿಸಬೇಕು.

3. ನೀರು ಮತ್ತು ತ್ಯಾಜ್ಯ: ಟ್ಯಾಂಕರ್ ನೀರೆಷ್ಟು, ಬಾವಿಯ ನೀರೆಷ್ಟು, ಎಷ್ಟು ಲೋಡು ಒಡೆದ ಕಲ್ಲು ಮಣ್ಣು ಯಾವ ಜಾಗಕ್ಕೆ ಹೋಯಿತು ಎಂಬ ವಿವರ ಇರಲಿ. 2016ರ ಕಟ್ಟಡ ತ್ಯಾಜ್ಯ ನಿಯಮಗಳ ಬದಲಿಗೆ 2025ರಲ್ಲಿ ಹೊಸ ನಿಯಮಗಳು ಪ್ರಕಟವಾಗಿದ್ದು, ಅವುಗಳ ಜಾರಿಗೆ ಗೊತ್ತುಪಡಿಸಿದ ದಿನ 2026ರ ಏಪ್ರಿಲ್ 1. ಮರುಬಳಕೆಯ ವಿಶೇಷ ಹೊಣೆಯನ್ನು ಅವು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ ಹೊರಿಸಿವೆ. ಹಾಗೆಂದು ಸಣ್ಣವರು ರಾತ್ರಿ ಹೊತ್ತು ತೋಡಿಗೆ ಮಣ್ಣು ಸುರಿಯಬಹುದು ಎಂದಲ್ಲ. ಮಳೆಗಾಲದಲ್ಲಿ ಆ ಮಣ್ಣು ಕಟ್ಟಿನಿಂತು ನೆರೆ ನೀರು ಯಾರದೋ ಅಂಗಳಕ್ಕೆ ನುಗ್ಗುತ್ತದೆ.

4. ಕೆಲಸದವರು: ವರದಿಯ ಹೃದಯವೇ ಇದು ಎಂದು ನಾವು ಭಾವಿಸುತ್ತೇವೆ. ಒಟ್ಟು ಎಷ್ಟು ಮಂದಿ, ಅವರಲ್ಲಿ ಮಹಿಳೆಯರು ಎಷ್ಟು, ಹೊರ ಜಿಲ್ಲೆ ಮತ್ತು ಹೊರ ರಾಜ್ಯಗಳಿಂದ ಬಂದವರು ಎಷ್ಟು? ಸಂಬಳ ಯಾವ ದಿನ ಕೈಸೇರಿತು? ಬಿದ್ದು ಪೆಟ್ಟಾದವರು ಎಷ್ಟು, ಎಷ್ಟು ದಿನದ ದುಡಿಮೆ ಹೋಯಿತು? ಕಟ್ಟಡ ವೆಚ್ಚದ ಶೇಕಡಾ 1ರಷ್ಟು ಸೆಸ್ ಪಡೆದು ಕಾರ್ಮಿಕರ ಕಲ್ಯಾಣಕ್ಕೆ ಬಳಸುವ ವ್ಯವಸ್ಥೆ 1996ರ ಕಾಯ್ದೆಯಿಂದ ಆರಂಭವಾಯಿತು. ಇದಕ್ಕಾಗಿ ಕರ್ನಾಟಕದಲ್ಲಿ ಪ್ರತ್ಯೇಕ ಕಲ್ಯಾಣ ಮಂಡಳಿಯಿದೆ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು ನೋಂದಾಯಿಸಿಕೊಳ್ಳಬಹುದು. ಸೆಸ್ ಕಟ್ಟಿದ್ದೇವೆ ಎಂದು ಬರೆದರೆ ಅರ್ಧ ವರದಿ ಮಾತ್ರ. ನಮ್ಮಲ್ಲಿ ದುಡಿದವರಲ್ಲಿ ಎಷ್ಟು ಮಂದಿಯ ಕೈಯಲ್ಲಿ ಕಾರ್ಡ್ ಇದೆ ಎಂದು ಬರೆದರೆ ಅದು ಪೂರ್ಣವಾಗುತ್ತದೆ.

ಪ್ರಾಮಾಣಿಕತೆಯ ಪರೀಕ್ಷೆ

ಇಂತಹ ವರದಿಗಳಲ್ಲಿ ಎರಡು ಕಡೆ ಸತ್ಯ ಜಾರಿಹೋಗುವ ಅಪಾಯವಿದೆ. ಮೊದಲನೆಯದು, ಸೆಂಟ್ರಿಂಗ್, ಸಾರಣೆ ಹಾಗೂ ಪೈಂಟಿಂಗ್ ಕೆಲಸವನ್ನು ಮೇಸ್ತ್ರಿಗಳಿಗೆ ಒಳಗುತ್ತಿಗೆ ಕೊಟ್ಟು, ಅವರ ಕೆಲಸದವರನ್ನು ಲೆಕ್ಕದಿಂದ ಬಿಡುವುದು. ಆಗ ಅಪಘಾತದ ಕಾಲಂನಲ್ಲಿ ಸುಲಭವಾಗಿ ಸೊನ್ನೆ ಬೀಳುತ್ತದೆ. ನಿವೇಶನದೊಳಗೆ ದುಡಿಯುವವರೆಲ್ಲರೂ ಲೆಕ್ಕದಲ್ಲಿ ಬರಬೇಕು. ಎರಡನೆಯದು, ಕೆಲಸ ಕಡಿಮೆಯಾದ ವರ್ಷ ಡೀಸೆಲ್ ಕಡಿಮೆಯಾದುದನ್ನು ಸಾಧನೆ ಎಂದು ತೋರಿಸುವುದು. ಕಟ್ಟಿದ ಪ್ರತಿ 1000 ಚದರ ಅಡಿಗೆ ಎಷ್ಟು ಎಂದು ಭಾಗಿಸಿ ಕಳೆದ ವರ್ಷದೊಡನೆ ಹೋಲಿಸಿದರೆ ನಿಜ ತಿಳಿಯುತ್ತದೆ. ಬಿಲ್ಲು ಇಲ್ಲದ ಕಡೆ ಅಂದಾಜು ಎಂದೇ ಬರೆಯುವುದರಲ್ಲಿ ನಾಚಿಕೆಯಿಲ್ಲ.

ಧರ್ಮಕೇಂದ್ರಗಳ ಪಾತ್ರ

2015ರಲ್ಲಿ ಪೋಪ್ ಫ್ರಾನ್ಸಿಸ್ ನೀಡಿದ ‘ಲೌದಾತೊ ಸಿ’ ವಿಶ್ವಪತ್ರವು ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೆ ಕೇಳಿಸಿಕೊಳ್ಳಲು ನಮಗೆ ಕಲಿಸಿತು. ಕಟ್ಟಡದ ನಿವೇಶನದಲ್ಲಿ ಇವೆರಡೂ ಒಂದೇ ಕಡೆ ಕೇಳಿಬರುತ್ತವೆ. ನಮ್ಮ ಚರ್ಚ್‌ಗಳು, ಶಾಲೆಗಳು ಹಾಗೂ ಸಭಾಭವನಗಳ ಕೆಲಸವನ್ನು ಹೆಚ್ಚಾಗಿ ಮಾಡುವವರು ಸಣ್ಣ ಗುತ್ತಿಗೆದಾರರೇ. ಕೊಟೇಶನ್ ತೆರೆಯುವಾಗ ನಾವು ಸಹಜವಾಗಿ ಕಡಿಮೆ ದರವನ್ನು ನೋಡುತ್ತೇವೆ, ಏಕೆಂದರೆ ಅದು ಭಕ್ತಾದಿಗಳ ಕಾಣಿಕೆಯ ಹಣ. ಆದರೆ ಆ ದರ ಹೆಲ್ಮೆಟ್, ಸುರಕ್ಷಾ ಬೆಲ್ಟ್ ಮತ್ತು ನ್ಯಾಯವಾದ ಸಂಬಳವನ್ನು ಬಿಟ್ಟು ಇಳಿದದ್ದಾದರೆ ಉಳಿದ ಮೊತ್ತವನ್ನು ತೆತ್ತವನು ಕೂಲಿಯಾಳು. ತಡೆಹಿಡಿದ ಕೂಲಿ ದೇವರ ಬಳಿ ಮೊರೆಯಿಡುತ್ತದೆ ಎಂದು ಸಂತ ಯಕೋಬರ ಪತ್ರವೂ ನಮ್ಮನ್ನು ಎಚ್ಚರಿಸುತ್ತದೆ.

ಆದುದರಿಂದ ಪಾಲನಾ ಮಂಡಳಿಗಳಿಗೂ ಕಟ್ಟಡ ಸಮಿತಿಗಳಿಗೂ ನಮ್ಮದೊಂದು ವಿನಂತಿ. ಮುಂದಿನ ಕೆಲಸದ ಕರಾರಿನಲ್ಲಿ ಈ ಒಂದು ಪುಟದ ವರದಿಯನ್ನು ಸೇರಿಸಿ, ಅದಕ್ಕೆ ತಗಲುವ ಖರ್ಚನ್ನು ದರದಲ್ಲಿ ಒಪ್ಪಿಕೊಳ್ಳಿ. ಕೊನೆಯ ಬಿಲ್ಲಿನ ಜೊತೆ ಅದನ್ನೂ ಪಡೆದು ಚರ್ಚಿನ ಫಲಕದಲ್ಲಿ ಹಾಕಿರಿ. ಕಾಣಿಕೆ ಕೊಟ್ಟವರ ಹೆಸರುಗಳ ಪಕ್ಕದಲ್ಲಿ ಬೆವರು ಸುರಿಸಿದವರ ಲೆಕ್ಕವೂ ಇರಲಿ.