ಭುಜದ ಕೀಲು ಮತ್ತು ನೂಲಿನ ಲಂಗರು

ಮಾನವ ಶರೀರದ ಕೀಲುಗಳಲ್ಲೆಲ್ಲ ಅತ್ಯಂತ ಸ್ವಚ್ಛಂದವಾಗಿ ಚಲಿಸಬಲ್ಲದ್ದು ಭುಜದ ಕೀಲು. ಆ ಸ್ವಾತಂತ್ರ್ಯವೇ ಅದರ ದೌರ್ಬಲ್ಯಕ್ಕೂ ಮೂಲ. ತೋಳುಮೂಳೆಯ ದುಂಡನೆಯ ತಲೆ, ಆಳವಿಲ್ಲದ ತಟ್ಟೆಯ ಮೇಲೆ ಕೂಡಿಸಿದ ಮೋಸಂಬಿಯಂತೆ, ಹೆಗಲೆಲುಬಿನ ಕಿರುಗುಳಿಗೆ ಆತುಕೊಂಡಿದೆ. ಗುಳಿಯ ಅಂಚನ್ನು ಸುತ್ತುವರಿದ ಲೇಬ್ರಮ್ ಎಂಬ ಮೆದುವಾದ ಬಳೆಯೂ ಅದಕ್ಕಂಟಿದ ತಂತುಗಳೂ ಅದನ್ನು ಜಾರಗೊಡದೆ ಹಿಡಿದಿರುವುವು. ಬಿದ್ದ ರಭಸಕ್ಕೆ ತೋಳು ಮುಂದಕ್ಕೆ ತಪ್ಪಿದಾಗ ಈ ಬಳೆ ಅಂಚಿನಿಂದ ಕಿತ್ತುಬರುವುದೆಂದೂ, ಕೀಲು ಮತ್ತೆ ಮತ್ತೆ ತಪ್ಪುವುದಕ್ಕೆ ಇದೇ ಕಾರಣವೆಂದೂ 1923ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಲಂಡೆಲ್ ಬ್ಯಾಂಕಾರ್ಟ್ ಪ್ರತಿಪಾದಿಸಿದರು. ಕಿತ್ತುದನ್ನು ಸ್ವಸ್ಥಾನಕ್ಕೆ ಮರಳಿ ಹೊಲಿಯಬೇಕೆಂಬ ಅವರ ತತ್ತ್ವ ಇಂದಿಗೂ ಅಳಿದಿಲ್ಲ. ಬದಲಾದುದು ಹೊಲಿಯುವ ಬಗೆ.

ಈಗ ಈ ಹೊಲಿಗೆಗೆ ಸಾಮಾನ್ಯವಾಗಿ ಭುಜವನ್ನು ಸೀಳುವುದಿಲ್ಲ. ಕೆಲವೇ ಸಣ್ಣ ರಂಧ್ರಗಳ ಮೂಲಕ ಕ್ಯಾಮರಾ ನಳಿಕೆಯನ್ನೂ ಉಪಕರಣಗಳನ್ನೂ ಇಳಿಸಿ, ಪರದೆಯನ್ನು ನೋಡುತ್ತ ಕೆಲಸ ನಡೆಸುತ್ತಾರೆ. ಹೊಲಿಗೆಯ ದಾರವನ್ನು ಮೂಳೆಯಲ್ಲಿ ನಿಲ್ಲಿಸಲು ಹಿಂದೆ ಲೋಹದ ಲಂಗರುಗಳಿದ್ದುವು. ಅವು ಸಡಿಲಗೊಂಡರೆ ಮೃದ್ವಸ್ಥಿಯನ್ನು ಗೀರುವ ಅಪಾಯವಿತ್ತು. ನೂತನ ಮೃದು ಲಂಗರಾದರೋ ಹೆಣೆದ ನೂಲಿನ ಒಂದು ಪುಟ್ಟ ಕೊಳವೆಯಷ್ಟೆ. ಎರಡು ಮಿಲಿಮೀಟರಿಗೂ ಕಿರಿದಾಗಿರಬಹುದಾದ ರಂಧ್ರದೊಳಕ್ಕೆ ಅದನ್ನು ತಳ್ಳಿ, ಒಳಗೆ ಹಾಯ್ದಿರುವ ದಾರವನ್ನು ಹೊರಕ್ಕೆ ಜಗ್ಗಿದೊಡನೆ ಕೊಳವೆ ಮುದುರಿ, ಉಬ್ಬಿ, ಗಂಟಾಗಿ, ಮೂಳೆಯ ಗಟ್ಟಿಯಾದ ಹೊರಪದರದ ಅಡಿಯಲ್ಲಿ ಕಚ್ಚಿಕೊಳ್ಳುತ್ತದೆ.

ಫಲಿತಾಂಶವೇನು? ಭುಜ ಮರಳಿ ತಪ್ಪುವ ಪ್ರಮಾಣದಲ್ಲಿ ಮೃದು ಲಂಗರಿಗೂ ಗಟ್ಟಿ ಲಂಗರಿಗೂ ಹೇಳಿಕೊಳ್ಳುವಂಥ ಅಂತರ ಸಾಮಾನ್ಯವಾಗಿ ಕಂಡಿಲ್ಲ. ಸ್ಕ್ಯಾನಿನಲ್ಲಿ ಕೆಲವೊಮ್ಮೆ ಲಂಗರಿನ ಸುತ್ತಣ ರಂಧ್ರ ಅಗಲಿಸಿದಂತೆ ತೋರುವುದುಂಟು. ಹಾಗೆ ತೋರಿದವರೆಲ್ಲರ ಭುಜ ಸಡಿಲವಾಗಿದೆಯೆಂದಲ್ಲ. ನನ್ನ ದೃಷ್ಟಿಯಲ್ಲಿ, ರೋಗಿ ಕೇಳಬೇಕಾದ ಮೊದಲ ಪ್ರಶ್ನೆ ಲಂಗರಿನದಲ್ಲ, ಮೂಳೆಯದು. ನೂಲಿನ ಲಂಗರು ಬಳಕೆಗೆ ಬರುವ ಮುನ್ನವೇ, 2000ದಲ್ಲಿ, ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಎಂಬ ವೈದ್ಯರು ಇಂಥ 194 ಶಸ್ತ್ರಚಿಕಿತ್ಸೆಗಳ ಫಲವನ್ನು ಪ್ರಕಟಿಸಿದರು: ಮೂಳೆ ಗಣನೀಯವಾಗಿ ಸವೆಯದಿದ್ದ 173ರಲ್ಲಿ ಮರಳಿ ಕೆಟ್ಟುವು ಏಳು, ಸವೆದಿದ್ದ 21ರಲ್ಲಿ ಕೆಟ್ಟುವು ಹದಿನಾಲ್ಕು! ಅಂಥ ಭುಜಕ್ಕೆ ಹೊಲಿಗೆಯೊಂದೇ ಸಾಲದು. 1954ರಲ್ಲಿ ಫ್ರಾನ್ಸಿನ ಲಟಾರ್ಜೆ ವರ್ಣಿಸಿದಂತೆ, ಹೆಗಲೆಲುಬಿನ ಕೊಕ್ಕಿನಂಥ ತುಂಡನ್ನು ಗುಳಿಯ ಅಂಚಿಗೆ ಜೋಡಿಸುವ ಮಾರ್ಗವನ್ನು ವಿಚಾರಿಸಬೇಕಾಗುತ್ತದೆ. ಕಿರಿಯ ವಯಸ್ಸಿನವರಲ್ಲಿಯೂ, ಮೈಗೆ ಮೈ ತಾಗುವ ಆಟಗಳನ್ನಾಡುವವರಲ್ಲಿಯೂ ಕೀಲು ಮರಳಿ ತಪ್ಪುವ ಸಂಭವ ಹೆಚ್ಚು.

ಹಾಗಾದರೆ ಮೃದು ಲಂಗರಿನ ವಿಶೇಷವೆಲ್ಲಿ? ಅದು ಕೊರೆಯುವ ಮೂಳೆ ಅತ್ಯಲ್ಪ. ದೈವವಶಾತ್ ಎರಡನೆಯ ಸಲ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದರೆ, ಆ ಕಿರುಗುಳಿಯಲ್ಲಿ ಹೊಸ ಲಂಗರಿಗೆ ಇನ್ನೂ ಎಡೆಯುಳಿದಿರುತ್ತದೆ.