ಕೆಲಸ ಬಿಟ್ಟ ಕೂಡ್ಲೇ ಪಿಎಫ್ ತೆಗೀಬ್ಯಾಡ್ರಿ, ಮೊದಲು ಈ ಲೆಕ್ಕ ಕೇಳ್ರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಕಡೆಯ ಯಾವ ಊರಿಗೆ ಹೋದ್ರೂ ಪುಣೆ, ಬೆಂಗಳೂರು, ಸೊಲ್ಲಾಪುರದಾಗ ದುಡಿಯೋ ನಮ್ಮ ವಯಸ್ಸಿನವರು ಸಿಗ್ತಾರೆ. ಕೆಲಸ ಬಿಟ್ಟು ಊರಿಗೆ ಬಂದ್ರೆ ಅವರು ಮೊದಲು ಕೇಳೋದು, "ಪಿಎಫ್ ರೊಕ್ಕ ಹೆಂಗ ತೆಗೀಬೇಕು?"

ಸಿಂದಗಿ ಕಡೆಯ ನನ್ನ ಗೆಳೆಯನೂ ಅದನ್ನೇ ಕೇಳಿದ. ಪುಣೆಯ ಕಂಪನಿಯೊಂದರಲ್ಲಿ 4 ವರ್ಷ 7 ತಿಂಗಳು ದುಡಿದು ಬಂದಿದ್ದ. ಮನೆಯಲ್ಲಿ ತಂಗಿ ಮದುವೆ. "ಪಿಎಫ್‌ನಾಗ 1 ಲಕ್ಷ 80 ಸಾವಿರ ಐತಿ. 5 ಸಾವಿರ ಕೊಟ್ರ ಸೈಬರ್ ಅಂಗಡಿಯಂವ ಎಲ್ಲಾ ತೆಗೆದುಕೊಡ್ತಾನಂತ" ಅಂದ. "ಎರಡು ದಿನ ತಡಿ, ಲೆಕ್ಕ ಹಾಕೂಣು" ಅಂದೆ. ಆ ಲೆಕ್ಕವೇ ಇವತ್ತಿನ ಸಂಚಿಕೆ.

ಗಂಟು ಒಂದಲ್ಲ, ಎರಡು

ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆಯ 12% ನಿಮ್ಮ ಪಾಲು. ಕಂಪನಿಯದೂ 12%. ನಿಮ್ಮ ಪಾಲು ಪೂರ್ತಿ ಪಿಎಫ್‌ಗೆ ಹೋಗ್ತದೆ. ಕಂಪನಿ ಪಾಲಿನಲ್ಲಿ 8.33% ಪಿಂಚಣಿ ಯೋಜನೆಗೆ, ಅಂದ್ರೆ ಇಪಿಎಸ್‌ಗೆ. ಇದನ್ನ 15,000 ರೂ. ಸಂಬಳದ ಮಿತಿಯಲ್ಲಿ ಲೆಕ್ಕ ಹಾಕ್ತಾರೆ, ಹಂಗಾಗಿ ತಿಂಗಳಿಗೆ ಹೆಚ್ಚೆಂದ್ರೆ 1,250 ರೂ. ಉಳಿದದ್ದು ಪಿಎಫ್‌ಗೆ ಸೇರ್ತದೆ. ಪಿಎಫ್‌ಗೆ ವರ್ಷಾ ಬಡ್ಡಿ ಬೀಳ್ತದೆ, 2024-25ಕ್ಕೆ 8.25% ಇತ್ತು.

5 ವರ್ಷದ ಗೆರೆ

5 ವರ್ಷ ಸೇವೆ ತುಂಬಿದ ಮೇಲೆ ಪಿಎಫ್ ತೆಗೆದ್ರೆ ತೆರಿಗೆ ಇಲ್ಲ. ಅದಕ್ಕಿಂತ ಮೊದಲು ಪೂರ್ತಿ ತೆಗೆದ್ರೆ ಕಂಪನಿಯ ಪಾಲು ಮತ್ತು ಬಡ್ಡಿ ಆ ವರ್ಷದ ಆದಾಯಕ್ಕೆ ಸೇರ್ತವೆ. ಕಾಯಿಲೆಯಿಂದಲೋ, ಕಂಪನಿಯೇ ಮುಚ್ಚಿಯೋ ಕೆಲಸ ಹೋಗಿದ್ರೆ ವಿನಾಯಿತಿ ಇದೆ. ಮೊತ್ತ 50 ಸಾವಿರ ಅಥವಾ ಹೆಚ್ಚಿದ್ರೆ ಕೊಡೋವಾಗಲೇ 10% ಟಿಡಿಎಸ್ ಹಿಡೀತಾರೆ. ಪ್ಯಾನ್ ಜೋಡಿಸಿಲ್ಲಾಂದ್ರೆ 20%. ನನ್ನ ಗೆಳೆಯನ ಲೆಕ್ಕದಲ್ಲಿ 18 ಸಾವಿರ, ಇಲ್ಲಾ 36 ಸಾವಿರ!

ಟಿಡಿಎಸ್ ಅಂದ್ರೆ ಹೋದ ರೊಕ್ಕ ಅಲ್ಲ. ನಿಮ್ಮ ಆದಾಯಕ್ಕೆ ತೆರಿಗೆ ಬರದಿದ್ರೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೀಬಹುದು. ಆದ್ರೆ ಎಷ್ಟು ಮಂದಿ ಸಲ್ಲಿಸ್ತಾರೆ ಹೇಳ್ರಿ?

ಇಲ್ಲೊಂದು ಮುಖ್ಯ ಮಾತು. ಹಳೇ ಪಿಎಫ್ ಅನ್ನ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿದ್ರೆ ಹಳೇ ಸೇವೆಯೂ ಈ 5 ವರ್ಷಕ್ಕೆ ಕೂಡ್ತದೆ.

ಪಿಂಚಣಿ ಗಂಟು ಮುಟ್ಟೋ ಮೊದಲು

10 ವರ್ಷ ಸೇವೆ ಆಗಿದ್ರೆ 58ನೇ ವಯಸ್ಸಿನಿಂದ ತಿಂಗಳಾ ಪಿಂಚಣಿ. ಸಂಬಳವನ್ನ ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸ್ರಿ: 15,000 ರೂ. ಮತ್ತು 10 ವರ್ಷಕ್ಕೆ ಸುಮಾರು 2,143 ರೂ. ದೊಡ್ಡದಲ್ಲ, ಆದ್ರೆ ಬದುಕಿರೋತನಕ ಬರ್ತದೆ. 10 ವರ್ಷಕ್ಕಿಂತ ಕಡಿಮೆ ಇದ್ರೆ ಫಾರ್ಮ್ 10ಸಿ ಹಾಕಿ ರೊಕ್ಕ ತಗೋಬಹುದು, ಇಲ್ಲಾ ಸ್ಕೀಮ್ ಸರ್ಟಿಫಿಕೇಟ್ ತಗೊಂಡು ಸೇವೆ ಉಳಿಸ್ಕೋಬಹುದು. ರೊಕ್ಕ ತಗೊಂಡ್ರೆ ಎಣಿಕೆ ಮತ್ತೆ ಸೊನ್ನೆಯಿಂದ. ಬಿಕಾಂ ಓದಿದ ನಾನೇ ಮೊದಲ ಕೆಲಸದ 2 ವರ್ಷದ ಪಿಂಚಣಿ ರೊಕ್ಕ ತೆಗೆದು ಈ ಮೈಕ್ ತಗೊಂಡೆ. ಆ 2 ವರ್ಷ ಈಗ ಲೆಕ್ಕದಾಗ ಇಲ್ಲ.

ನಿಯಮ ಬದಲಾಗ್ತಿದೆ

2025ರ ಅಕ್ಟೋಬರ್ 13ರಂದು ಇಪಿಎಫ್‌ಒ ಕೇಂದ್ರ ಮಂಡಳಿ ಕೆಲವು ತೀರ್ಮಾನ ಮಾಡಿತು. ಕೆಲಸ ಹೋದ್ರೆ 75% ಕೂಡ್ಲೇ, ಉಳಿದ 25% ಒಂದು ವರ್ಷದ ನಂತರ. ಪಿಂಚಣಿ ರೊಕ್ಕಕ್ಕೆ 2 ತಿಂಗಳ ಬದಲು 36 ತಿಂಗಳು ಕಾಯಬೇಕು. ಮದುವೆಗೆ ಭಾಗಶಃ ತೆಗೆಯೋಕೆ 7 ವರ್ಷ ಸೇವೆ ಬೇಕಿತ್ತು; 12 ತಿಂಗಳು ಸಾಕು ಅನ್ನೋದು ಹೊಸ ತೀರ್ಮಾನ. ಅರ್ಜಿ ಹಾಕೋ ದಿನ ಪೋರ್ಟಲ್ ಏನು ತೋರಿಸ್ತದೆ ಅನ್ನೋದನ್ನ ನೋಡಿಯೇ ಮುಂದುವರೀರಿ.

ಹಂಗಾದ್ರೆ ಏನು ಮಾಡ್ಬೇಕು?

ಯುಎಎನ್‌ಗೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ ನೋಡ್ರಿ. ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಲಿ. ಕೆಲಸ ಬಿಟ್ಟ ದಿನಾಂಕ ಕಂಪನಿ ಹಾಕದಿದ್ರೆ 2 ತಿಂಗಳ ನಂತರ ನೀವೇ ಹಾಕಬಹುದು. ಅರ್ಜಿಗೆ ಶುಲ್ಕ ಇಲ್ಲ. ಒಟಿಪಿ ಯಾರಿಗೂ ಹೇಳಬ್ಯಾಡ್ರಿ. ತೊಡಕಾದ್ರೆ ಪ್ರತಿ ತಿಂಗಳು 27ಕ್ಕೆ ಜಿಲ್ಲೆಯಲ್ಲಿ ನಡೆಯೋ 'ನಿಧಿ ಆಪ್ಕೆ ನಿಕಟ್' ಶಿಬಿರಕ್ಕೆ ಕಾಗದಪತ್ರ ಹಿಡ್ಕೊಂಡು ಹೋಗ್ರಿ.

ನನ್ನ ಗೆಳೆಯನಿಗೆ ವಿಜಯಪುರದಾಗ ಕೆಲಸ ಸಿಕ್ತು. ಪಿಎಫ್ ಅಲ್ಲಿಗೆ ವರ್ಗಾಯಿಸಿದ. ಇನ್ನು 5 ತಿಂಗಳಲ್ಲಿ 5 ವರ್ಷ ತುಂಬ್ತದೆ. ಮದುವೆಗೆ ಕಡಿಮೆ ಬಿದ್ದದ್ದಕ್ಕೆ ಅವ್ವನ ಬಂಗಾರ ಬ್ಯಾಂಕಿನಲ್ಲಿ ಅಡವಿಟ್ಟ; ಅದಕ್ಕೂ ಬಡ್ಡಿ ಕಟ್ಟಬೇಕು, ಸುಳ್ಳು ಹೇಳೋದಿಲ್ಲ. ನಿಮ್ಮ ಮನೆಯ ಅಡಚಣೆ ನಿಮಗೇ ಗೊತ್ತು. ರೊಕ್ಕ ಬೇಕೇ ಬೇಕಂದ್ರೆ ತೆಗೀರಿ, ತಪ್ಪಿಲ್ಲ. ಆದ್ರೆ ಎಷ್ಟು ಕಳ್ಕೋತೀವಿ ಅಂತ ಲೆಕ್ಕ ಹಾಕಿ ತೆಗೀರಿ. ಮುಂದಿನ ವಾರ ಸಿಗೋಣ್ರಿ.